ದನಿಯ ಅಳತೆ, ಮಾತಿನ ಚಿಕಿತ್ಸೆ

ದನಿಗೂ ಮಾತಿಗೂ ಒದಗುವ ಕೆಡಕುಗಳಿಗೆ ನಮ್ಮ ಬಳಕೆಯ ನುಡಿಯಲ್ಲಿ ಅನೇಕ ಹೆಸರುಗಳುಂಟು. ನೆಗಡಿ ಬಂದವನಿಗೆ ‘ಗಂಟಲು ಕಟ್ಟಿತು’ ಎನ್ನುತ್ತೇವೆ. ಹರೆಯಕ್ಕೆ ಕಾಲಿಟ್ಟ ಹುಡುಗನಿಗೆ ‘ದನಿ ಒಡೆಯಿತು’ ಎನ್ನುತ್ತೇವೆ. ಒಬ್ಬನು ‘ಉಗ್ಗುತ್ತಾನೆ’, ಒಬ್ಬಳು ‘ಮೂಗಿನಲ್ಲಿ ಮಾತನಾಡುತ್ತಾಳೆ’, ಒಂದು ಮಗು ‘ತೊದಲುತ್ತದೆ’, ಲಕ್ವ ಹೊಡೆದ ಹಿರಿಯರಿಗೆ ‘ಬಾಯಿ ಬಿದ್ದುಹೋಯಿತು’. ಇವುಗಳನ್ನು ಬರಿಯ ಆಡುಮಾತೆಂದು ತಳ್ಳಿಹಾಕತಕ್ಕದ್ದಲ್ಲ. ಒಂದೊಂದು ಮಾತೂ ಒಂದೊಂದು ಬೇರೆ ಕೆಡಕನ್ನು ಸೂಚಿಸುತ್ತದೆ. ಮೊದಲಿನ ಎರಡು ದನಿಯ ತೊಂದರೆಗಳು. ಉಳಿದವು ಮಾತಿನ ತೊಂದರೆಗಳು. ದನಿ ಎಂಬುದು ಕಂಠದಲ್ಲಿ ಹುಟ್ಟುವ ನಾದ. ಮಾತು ಎಂಬುದು ಆ ನಾದವನ್ನು ನಾಲಿಗೆ ತುಟಿಗಳು ತಿದ್ದಿ, ಬುದ್ಧಿ ಅರ್ಥವನ್ನು ಕೂಡಿಸಿ ಹೊರಗೆ ಕಳುಹಿಸಿದ ರೂಪ. ಈ ಎರಡನ್ನೂ ಅಳೆಯುವುದು ಹೇಗೆ, ಅಳೆದ ಮೇಲೆ ಮಾಡತಕ್ಕದ್ದೇನು ಎಂಬುದೇ ನಮ್ಮ ಪ್ರಕೃತ ವಿಷಯ.

ಹುಬ್ಬಳ್ಳಿ-ಧಾರವಾಡದವರಿಗೆ ಈ ವಿಷಯ ದೂರದ್ದಲ್ಲ. ಹಿಂದೂಸ್ತಾನೀ ಗಾಯನಕ್ಕೆ ಈ ಸೀಮೆ ಕೊಟ್ಟಷ್ಟು ಕಂಠಗಳನ್ನು ಕೊಟ್ಟ ಸೀಮೆಗಳು ದೇಶದಲ್ಲಿ ಕೆಲವೇ. ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು, ಭೀಮಸೇನ ಜೋಶಿಯವರು ಎಲ್ಲರೂ ಈ ನೆಲದ ಸುತ್ತುಮುತ್ತಿನಲ್ಲಿಯೇ ಬೆಳೆದವರು. ಕಂಠದ ಬೆಲೆಯನ್ನು ಬಲ್ಲ ಊರಿನಲ್ಲಿ ಕಂಠದ ಆರೋಗ್ಯವನ್ನು ಕುರಿತು ಎರಡು ಮಾತು ಆಡುವುದು ಅಸ್ಥಾನವಾಗಲಾರದು.

ಮೊದಲು ದನಿ ಹುಟ್ಟುವ ಬಗೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ಶಬ್ದಮಣಿದರ್ಪಣದ ಆರಂಭದಲ್ಲಿಯೇ ಶಬ್ದದ ಉತ್ಪತ್ತಿಯನ್ನು ಹೇಳುತ್ತಾನೆ. ಜೀವನ ಇಚ್ಛೆ, ಅನುಕೂಲವಾದ ಗಾಳಿ, ಈ ಎರಡೂ ಕೂಡಿ ನಾಭಿಯ ಮೂಲದಿಂದ ಕಹಳೆಯ ರೀತಿಯಲ್ಲಿ ಶಬ್ದವು ಏಳುತ್ತದೆ ಎಂಬುದು ಅವನ ಅಭಿಪ್ರಾಯ. ಇಂದಿನ ಶಾಸ್ತ್ರವೂ ಗಾಳಿಯಿಂದಲೇ ಆರಂಭಿಸುತ್ತದೆ. ಶ್ವಾಸಕೋಶದಿಂದ ಮೇಲಕ್ಕೆ ಬರುವ ಉಸಿರು ಕತ್ತಿನ ಮುಂಭಾಗದಲ್ಲಿರುವ ಧ್ವನಿಪೆಟ್ಟಿಗೆಯನ್ನು ಹಾಯ್ದು ಬರಬೇಕು. ಅಲ್ಲಿ ಎರಡು ಧ್ವನಿತಂತುಗಳಿವೆ. ತಂತು ಎಂದು ಹೆಸರಾದರೂ ಅವು ತಂಬೂರಿಯ ತಂತಿಗಳಂತಲ್ಲ. ಎದುರುಬದುರಾಗಿ ಕೂಡಿಕೊಳ್ಳುವ ಎರಡು ಮೃದುವಾದ ಮಡಿಕೆಗಳು. ಗಂಡಸಿನಲ್ಲಿ ಅವುಗಳ ಉದ್ದ ಎರಡು ಸೆಂಟಿಮೀಟರಿಗೆ ಸಮೀಪ. ಹೆಂಗಸಿನಲ್ಲಿ ಅದಕ್ಕಿಂತ ಕಡಮೆ. ಉಸಿರಿನ ಒತ್ತಡಕ್ಕೆ ಅವು ತೆರೆದು ಮುಚ್ಚಿ, ತೆರೆದು ಮುಚ್ಚಿ ಗಾಳಿಯನ್ನು ತುಂಡುತುಂಡಾಗಿ ಬಿಡುತ್ತವೆ. ಮಾತನಾಡುವ ಗಂಡಸಿನಲ್ಲಿ ಈ ಕ್ರಿಯೆ ಸೆಕೆಂಡಿಗೆ ಸುಮಾರು ೧೦೦ರಿಂದ ೧೫೦ ಸಲ, ಹೆಂಗಸಿನಲ್ಲಿ ಸುಮಾರು ೧೮೦ರಿಂದ ೨೫೦ ಸಲ ನಡೆಯುತ್ತದೆ. ಇದನ್ನೇ ಕಂಪನಸಂಖ್ಯೆ ಎನ್ನುವುದು. ಇದು ಏರಿದರೆ ಶ್ರುತಿ ಏರುತ್ತದೆ, ಇಳಿದರೆ ಶ್ರುತಿ ಇಳಿಯುತ್ತದೆ.

ಹೀಗೆ ಹುಟ್ಟಿದ ನಾದ ಗಂಟಲು, ಬಾಯಿ, ಮೂಗುಗಳ ಪೊಳ್ಳಿನಲ್ಲಿ ತುಂಬಿಕೊಂಡು ತನ್ನ ಬಣ್ಣವನ್ನು ಪಡೆಯುತ್ತದೆ. ಬಳಿಕ ನಾಲಿಗೆ ತುಟಿಗಳ ಕೆಲಸ. ನಮ್ಮ ವರ್ಣಮಾಲೆಯೇ ಇದರ ನಕ್ಷೆ. ಕವರ್ಗ ನಾಲಿಗೆಯ ಹಿಂಭಾಗದ್ದು. ಚವರ್ಗ, ಟವರ್ಗ, ತವರ್ಗಗಳು ಕ್ರಮವಾಗಿ ಮುಂದೆ ಮುಂದೆ ಬರುತ್ತವೆ. ಪವರ್ಗದಲ್ಲಿ ತುಟಿಗೆ ಬಂದು ನಿಲ್ಲುತ್ತೇವೆ. ಮಗುವೊಂದು ‘ಕಾಗೆ’ ಎನ್ನಲಾರದೆ ‘ತಾದೆ’ ಎಂದರೆ, ಅದು ಕಂಠದ ಸ್ಥಾನವನ್ನು ಬಿಟ್ಟು ಹಲ್ಲಿನ ಸ್ಥಾನವನ್ನು ಹಿಡಿದಿದೆ ಎಂದು ವರ್ಣಮಾಲೆ ಬಲ್ಲ ಯಾರಾದರೂ ಹೇಳಬಹುದು. ಮಾತಿನ ಚಿಕಿತ್ಸಕರು ಮಾಡುವ ಮೊದಲ ವಿಂಗಡಣೆಯೂ ಇದೇ.

ಧ್ವನಿತಂತುಗಳು ಕೆಲಸಮಾಡುವುದನ್ನು ಕಣ್ಣಾರೆ ನೋಡುವ ಉಪಾಯವನ್ನು ತೋರಿಸಿಕೊಟ್ಟವನು ವೈದ್ಯನಲ್ಲ, ಒಬ್ಬ ಸಂಗೀತ ಶಿಕ್ಷಕ. ಸ್ಪೇನ್ ಮೂಲದ ಮಾನ್ಯುಯೆಲ್ ಗಾರ್ಸಿಯಾ ಎಂಬಾತ ೧೮೫೪ರಲ್ಲಿ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿನ ಹಿಂಭಾಗದಲ್ಲಿಟ್ಟು, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕನ್ನು ಅದಕ್ಕೆ ಹಾಯಿಸಿ, ತನ್ನ ಧ್ವನಿತಂತುಗಳನ್ನು ತಾನೇ ಕಂಡನು. ಮರುವರ್ಷ ಆ ಸಂಗತಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದನು. ಕಂಠರೋಗಗಳ ವೈದ್ಯಶಾಸ್ತ್ರ ಅಲ್ಲಿಂದ ಬೆಳೆಯಿತು. ಇಂದು ಕನ್ನಡಿಯ ಬದಲು ಸಣ್ಣ ಕ್ಯಾಮೆರಾ ಇದೆ. ಆದರೆ ಸೆಕೆಂಡಿಗೆ ನೂರಾರು ಸಲ ಅದಿರುವ ತಂತುಗಳನ್ನು ಬರಿಗಣ್ಣು ಹಿಂಬಾಲಿಸಲಾರದು. ಅದಕ್ಕಾಗಿ ಮಿಂಚಿ ಮಿಂಚಿ ಬೆಳಗುವ ದೀಪವನ್ನು ಉಪಯೋಗಿಸುತ್ತಾರೆ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ನಿಂತಂತೆ, ಇಲ್ಲವೆ ಮೆಲ್ಲನೆ ತಿರುಗುವಂತೆ ಕಾಣುವುದನ್ನು ನೀವೆಲ್ಲ ನೋಡಿರುವಿರಷ್ಟೆ. ಅದೇ ತತ್ತ್ವದಿಂದ ತಂತುಗಳ ಚಲನೆ ಇಲ್ಲಿ ನಿಧಾನವಾಗಿ ಕಾಣುತ್ತದೆ. ಎಲ್ಲಿ ಗಂಟಿದೆ, ಎಲ್ಲಿ ಬಿಗಿದಿದೆ, ಯಾವ ತಂತು ಅಲುಗುತ್ತಿಲ್ಲ ಎಂಬುದು ಗೊತ್ತಾಗುತ್ತದೆ.

ಇನ್ನು ಅಳತೆಯ ವಿಚಾರ. ದನಿಯನ್ನು ನಾಲ್ಕು ಬಗೆಯಲ್ಲಿ ಅಳೆಯುತ್ತಾರೆ.

ಮೊದಲನೆಯದು ಗಡಿಯಾರದ ಅಳತೆ. ಉಸಿರನ್ನು ತುಂಬ ಎಳೆದುಕೊಂಡು ‘ಆ’ ಎಂದು ಸಮಶ್ರುತಿಯಲ್ಲಿ ಎಷ್ಟು ಹೊತ್ತು ಹಿಡಿಯಬಲ್ಲಿರಿ? ಆರೋಗ್ಯವಂತರಾದ ವಯಸ್ಕರು ಸಾಮಾನ್ಯವಾಗಿ ೧೫ರಿಂದ ೨೫ ಸೆಕೆಂಡು ಹಿಡಿಯುತ್ತಾರೆ. ೧೦ ಸೆಕೆಂಡಿಗಿಂತ ಕಡಮೆಯಾದರೆ ಗಾಳಿ ಎಲ್ಲೋ ಸೋರಿಹೋಗುತ್ತಿದೆ, ಅಥವಾ ಉಸಿರೇ ಸಾಲದಾಗಿದೆ ಎಂದು ಶಂಕಿಸಬೇಕು. ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಇನ್ನೊಂದು ಉಪಾಯವುಂಟು. ‘ಸ್‌’ ಎಂಬ ಧ್ವನಿಯನ್ನೂ, ಮರಾಠಿ ಬಲ್ಲವರು ಆಡುವ ‘ಜ಼್‌’ ಎಂಬ ಧ್ವನಿಯನ್ನೂ ಬೇರೆಬೇರೆಯಾಗಿ ಎಳೆಯಿಸುತ್ತಾರೆ. ಮೊದಲನೆಯದರಲ್ಲಿ ಧ್ವನಿತಂತುಗಳಿಗೆ ಕೆಲಸವಿಲ್ಲ, ಎರಡನೆಯದರಲ್ಲಿ ಉಂಟು. ಎರಡೂ ಸರಿಸಮವಾಗಿದ್ದರೆ ತಂತುಗಳು ಚೆನ್ನಾಗಿ ಕೂಡುತ್ತಿವೆ ಎನ್ನಬಹುದು. ಮೊದಲನೆಯದು ಉದ್ದವಾಗಿಯೂ ಎರಡನೆಯದು ತೀರ ಮೊಟಕಾಗಿಯೂ ಇದ್ದರೆ ದೋಷ ತಂತುಗಳಲ್ಲಿದೆ ಎಂದು ಊಹಿಸಬಹುದು.

ಎರಡನೆಯದು ಯಂತ್ರದ ಅಳತೆ. ದನಿಯನ್ನು ಮುದ್ರಿಸಿಕೊಂಡು ಕಂಪ್ಯೂಟರು ಅದರ ಕಂಪನಸಂಖ್ಯೆಯನ್ನು ಹೇಳುತ್ತದೆ. ಒಂದು ಕಂಪನಕ್ಕೂ ಮುಂದಿನ ಕಂಪನಕ್ಕೂ ಕಾಲದಲ್ಲಿ ಎಷ್ಟು ವ್ಯತ್ಯಾಸ, ಬಲದಲ್ಲಿ ಎಷ್ಟು ವ್ಯತ್ಯಾಸ ಎಂಬುದನ್ನೂ ಲೆಕ್ಕಹಾಕುತ್ತದೆ. ಕಾಲದ ವ್ಯತ್ಯಾಸಕ್ಕೆ ಜಿಟ್ಟರ್ ಎಂದೂ ಬಲದ ವ್ಯತ್ಯಾಸಕ್ಕೆ ಶಿಮ್ಮರ್ ಎಂದೂ ಹೆಸರು. ಸಣ್ಣ ವ್ಯತ್ಯಾಸ ಎಲ್ಲರಲ್ಲಿಯೂ ಇರುತ್ತದೆ. ಅದು ಮಿತಿಮೀರಿದಾಗ ಕಿವಿಗೆ ಒರಟಾಗಿ ಕೇಳಿಸುತ್ತದೆ.

ಮೂರನೆಯದು ಪಳಗಿದ ಕಿವಿಯ ಅಳತೆ. ಜಪಾನಿನ ವೈದ್ಯ ಹಿರಾನೊ ೧೯೮೧ರಲ್ಲಿ ಪ್ರಚಾರಕ್ಕೆ ತಂದ ಪದ್ಧತಿಯಲ್ಲಿ ಕೇಳುವವನು ಐದು ಅಂಶಗಳಿಗೆ ೦ಯಿಂದ ೩ರವರೆಗೆ ಅಂಕ ಕೊಡುತ್ತಾನೆ: ಒಟ್ಟಾರೆ ಕೆಡಕು, ಒರಟುತನ, ಗಾಳಿ ಬೆರೆತಿರುವಿಕೆ, ದುರ್ಬಲತೆ, ಬಿಗಿತ. ಯಂತ್ರಗಳು ಎಷ್ಟು ಬಂದರೂ ಈ ಕಿವಿಯ ಅಳತೆಯನ್ನು ಯಾರೂ ಕೈಬಿಟ್ಟಿಲ್ಲ.

ನಾಲ್ಕನೆಯದು ರೋಗಿಯ ಸ್ವಂತ ಅಳತೆ. ೧೯೯೭ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಮೂವತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಗದ್ದಲದಲ್ಲಿ ನಿಮ್ಮ ಮಾತು ಇತರರಿಗೆ ಕೇಳಿಸುತ್ತದೆಯೇ, ದನಿಯ ದೆಸೆಯಿಂದ ಜನರೊಡನೆ ಬೆರೆಯಲು ಹಿಂಜರಿಯುವಿರಾ, ಉದ್ಯೋಗಕ್ಕೆ ಅಡ್ಡಿಯಾಗಿದೆಯೇ ಎಂಬಂಥ ಸಂಗತಿಗಳನ್ನು ಅದು ವಿಚಾರಿಸುತ್ತದೆ. ಯಂತ್ರ ಒಂದೇ ಅಂಕವನ್ನು ಕೊಟ್ಟ ಇಬ್ಬರು ಇಲ್ಲಿ ತೀರ ಬೇರೆಯಾಗಿ ಉತ್ತರಿಸುತ್ತಾರೆ. ಲೆಕ್ಕಪತ್ರ ಬರೆಯುವ ಗುಮಾಸ್ತನಿಗೆ ಲೆಕ್ಕಕ್ಕೇ ಬಾರದ ಗೊಗ್ಗರುತನ, ಅರವತ್ತು ಮಕ್ಕಳ ಮುಂದೆ ದಿನವೆಲ್ಲ ಪಾಠ ಹೇಳುವ ಶಿಕ್ಷಕಿಯ ಅನ್ನವನ್ನೇ ಕಿತ್ತುಕೊಳ್ಳಬಹುದು.

ಮಾತಿನ ಅಳತೆಗೆ ಇನ್ನೊಂದು ನಿಯಮವುಂಟು: ಅದು ಆಡುವವನ ನುಡಿಯಲ್ಲಿಯೇ ಆಗಬೇಕು. ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದ ಪಟ್ಟಿಯಿಂದ ಕನ್ನಡದ ಮಗುವನ್ನು ಅಳೆಯಲಾಗದು. ಮೈಸೂರಿನಲ್ಲಿ ೧೯೬೫ರಲ್ಲಿ ಆರಂಭವಾದ, ಇಂದು ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಎಂದು ಪ್ರಸಿದ್ಧವಾಗಿರುವ ಸಂಸ್ಥೆ ಈ ಕಾರ್ಯಕ್ಕೆ ನೆಲೆಯಾಯಿತು. ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದು ೧೯೭೨ರಲ್ಲಿಯೇ ಸಿದ್ಧವಾಯಿತು. ಕನ್ನಡದೊಳಗೂ ಎಚ್ಚರ ಬೇಕು. ಧಾರವಾಡದ ಮಗು ‘ಶಾಲೆ’ ಎನ್ನದೆ ‘ಸಾಲಿ’ ಎಂದರೆ ಅದು ನಾಲಿಗೆಯ ದೋಷವಲ್ಲ. ಮನೆಯಲ್ಲಿ ಕೇಳಿದ ನುಡಿ. ಕೆಲವು ಕಡೆಯ ಮಕ್ಕಳು ‘ಹಾಲು’ ಎಂಬುದನ್ನು ‘ಆಲು’ ಎಂದರೂ ಹಾಗೆಯೇ. ಪ್ರಾಂತದ ನುಡಿಯನ್ನು ರೋಗವೆಂದು ಬಗೆದು ತಿದ್ದಹೊರಟರೆ ಮಗು ಕಲಿಯುವುದು ನಾಚಿಕೆಯನ್ನು ಮಾತ್ರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಳತೆಯ ಅಂಕ ಸಾಮಾನ್ಯದ ಮಿತಿಯಿಂದ ಹೊರಗಿದ್ದರೆ ಅದನ್ನು ರೋಗವೆನ್ನಬೇಕೆ? ಇದಕ್ಕೆ ಉತ್ತರ ಕೊಡಬಲ್ಲ ನಿದರ್ಶನ ಹುಬ್ಬಳ್ಳಿಯಲ್ಲಿಯೇ ಇದೆ. ಗಂಗೂಬಾಯಿ ಹಾನಗಲ್ಲರು ೧೯೧೩ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ೧೯೩೦ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಂದ ಅವರ ಗ್ರಾಮಾಫೋನ್ ತಟ್ಟೆಗಳಲ್ಲಿ ಕೇಳಿಸುವುದು ತೆಳುವಾದ, ಏರುಶ್ರುತಿಯ ಹೆಣ್ಣುದನಿ. ಆಮೇಲೆ ಟಾನ್ಸಿಲ್ ಬೇನೆಗೆ ಚಿಕಿತ್ಸೆಯಾಗಿ, ದನಿ ತಗ್ಗಿನ ಶ್ರುತಿಗೆ ಇಳಿದು ಗಂಡುದನಿಯಂತೆ ಗಡಸಾಯಿತು. ಟಾನ್ಸಿಲುಗಳಿರುವುದು ಬಾಯಿಯ ಹಿಂಭಾಗದಲ್ಲಿ. ಧ್ವನಿತಂತುಗಳು ಅದಕ್ಕೂ ಬಹಳ ಕೆಳಗೆ. ಆದಕಾರಣ ಟಾನ್ಸಿಲ್ ತೆಗೆಸಿಕೊಂಡವರೆಲ್ಲರ ದನಿ ಹೀಗೆ ಇಳಿಯುವುದೆಂದು ತಾಯಿತಂದೆಗಳು ಭಯಪಡಬೇಕಾದುದಿಲ್ಲ. ಅದು ತೀರ ಅಪರೂಪ. ಆದರೆ ಒಬ್ಬ ಗಾಯಕಿಗೆ ಹೀಗಾದರೆ ಅದು ಸಾಮಾನ್ಯವಾದ ಆಘಾತವಲ್ಲ.

ಆಕೆಯ ಗುರುಗಳಾದ ಸವಾಯಿ ಗಂಧರ್ವರಿಗೂ ದನಿಯ ಕಷ್ಟ ಗೊತ್ತಿತ್ತು. ೧೮೮೬ರಲ್ಲಿ ಹುಟ್ಟಿದ ಕುಂದಗೋಳದ ರಾಮಭಾವು ಅವರ ಬಾಲ್ಯದ ಇಂಪಾದ ಕಂಠ ಹರೆಯದಲ್ಲಿ ಒಡೆದು ಒರಟಾಯಿತು. ಅಬ್ದುಲ್ ಕರೀಂ ಖಾನರ ಕಠಿಣವಾದ ಶಿಕ್ಷಣದಲ್ಲಿ ಅದು ಮತ್ತೆ ಪಳಗಿತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಅವರಲ್ಲಿ ಕಲಿತ ಗಂಗೂಬಾಯಿಯವರು, ಹೋದ ದನಿಯನ್ನು ಅನುಕರಿಸುವ ಗೋಜಿಗೆ ಹೋಗದೆ, ಉಳಿದ ದನಿಯನ್ನೇ ಸಾಧನೆಗೆ ಒಪ್ಪಿಸಿದರು. ದೇಶವು ಅವರನ್ನು ಗುರುತಿಸಿದ್ದು ಆ ಗಡಸು ಕಂಠದಿಂದಲೇ. ೧೯೭೧ರಲ್ಲಿ ಪದ್ಮಭೂಷಣವೂ ೨೦೦೨ರಲ್ಲಿ ಪದ್ಮವಿಭೂಷಣವೂ ಬಂದವು. ೨೦೦೯ರಲ್ಲಿ ಹುಬ್ಬಳ್ಳಿಯಲ್ಲಿ ಅವರು ತೀರಿಕೊಂಡರು.

ಹೆಂಗಸರ ದನಿಯ ಕೋಷ್ಟಕದಲ್ಲಿ ಈ ಕಂಠಕ್ಕೆ ಸ್ಥಳವಿಲ್ಲ. ಹಾಗೆಂದು ಕೋಷ್ಟಕ ಸುಳ್ಳಲ್ಲ. ಅದು ಹೇಳುವುದು ಬಹುಜನರ ಸರಾಸರಿಯನ್ನು. ಅದು ‘ಪರೀಕ್ಷಿಸಿ ನೋಡು’ ಎನ್ನಬಲ್ಲದು; ‘ಕೆಟ್ಟಿದೆ’ ಎನ್ನುವ ಅಧಿಕಾರ ಅದಕ್ಕಿಲ್ಲ. ಅಂಕ ಬಂದ ಮೇಲೆ ಚಿಕಿತ್ಸಕನು ಎರಡು ಪ್ರಶ್ನೆಗಳನ್ನು ಕೇಳಬೇಕು. ತಂತುವಿನಲ್ಲಿ ರೋಗವಿದೆಯೇ? ಈ ದನಿ ಇದರ ಒಡೆಯನ ಬಾಳಿನ ಕೆಲಸಕ್ಕೆ ಒದಗುತ್ತಿದೆಯೇ? ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಎಂದು ಉತ್ತರ ಬಂದರೆ ಆ ದನಿಯನ್ನು ಹಾಗೆಯೇ ಬಿಡುವುದೇ ವಿವೇಕ. ಆದರೆ ಮೊದಲನೆಯ ಪ್ರಶ್ನೆಯನ್ನು ಕೇಳದೆ ಬಿಡುವುದು ಮಾತ್ರ ಅಪಾಯ.

ಏಕೆಂದರೆ ಗೊಗ್ಗರು ದನಿಗೆ ಕಾರಣಗಳು ಅನೇಕ, ಚಿಕಿತ್ಸೆಯೂ ಕಾರಣಕ್ಕೆ ತಕ್ಕಂತೆ ಬೇರೆ. ಕೂಗಿ ಮಾತನಾಡುವ ಶಿಕ್ಷಕರು, ಸಂತೆಯ ವ್ಯಾಪಾರಿಗಳು ಮುಂತಾದವರ ಧ್ವನಿತಂತುಗಳಲ್ಲಿ, ಅಂಗೈಯಲ್ಲಿ ದಡ್ಡು ಕಟ್ಟುವಂತೆ, ಸಣ್ಣ ಗಂಟುಗಳು ಏಳುತ್ತವೆ. ನೀರು ಕುಡಿಯುವುದು, ದನಿಗೆ ಬಿಡುವು ಕೊಡುವುದು, ಉಸಿರಿನ ಮೇಲೆ ಮಾತನ್ನು ನಿಲ್ಲಿಸುವ ಅಭ್ಯಾಸ ಇವುಗಳಿಂದಲೇ ಬಹಳಷ್ಟು ಗಂಟುಗಳು ಕರಗುತ್ತವೆ. ಪಿಸುದನಿಯಲ್ಲಿ ಬಲವಂತವಾಗಿ ಮಾತನಾಡುವುದು ಬಿಡುವಲ್ಲ, ಅದರಿಂದಲೂ ಆಯಾಸವುಂಟು. ಹರೆಯ ಕಳೆದರೂ ಹುಡುಗನ ದನಿ ಇಳಿಯದೆ ಹೆಣ್ಣುದನಿಯಂತೆ ಉಳಿದರೆ ಜನರು ನಗುತ್ತಾರೆ; ಅವನು ಮಾತನ್ನೇ ಬಿಡುತ್ತಾನೆ. ಧ್ವನಿಪೆಟ್ಟಿಗೆ ಸರಿಯಾಗಿ ಬೆಳೆದಿದ್ದರೆ, ಬಲ್ಲ ಚಿಕಿತ್ಸಕರು ಶಸ್ತ್ರವಿಲ್ಲದೆ, ಅನೇಕ ವೇಳೆ ಕೆಲವೇ ಭೇಟಿಗಳಲ್ಲಿ ಇದನ್ನು ಸರಿಪಡಿಸುತ್ತಾರೆ. ಒಂದು ತಂತು ಚಲನೆ ತಪ್ಪಿದ್ದರೆ ಅದನ್ನು ನಡುವಿಗೆ ಸರಿಸುವ ಶಸ್ತ್ರಕ್ರಿಯೆಯನ್ನು ಜಪಾನಿನ ಇಶ್ಶಿಕಿ ೧೯೭೪ರಲ್ಲಿ ವಿವರಿಸಿದ್ದಾನೆ.

ಅತ್ಯಂತ ಭಯಂಕರವಾದ ಕಾರಣ ಕ್ಯಾನ್ಸರ್. ಬೀಡಿ ಸಿಗರೇಟುಗಳೂ ಮದ್ಯವೂ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಮುಖ್ಯ ಕಾರಣಗಳು. ತಂಬಾಕು ಗುಟಕಾಗಳನ್ನು ಅಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣ. ಧ್ವನಿತಂತುವಿನಲ್ಲಿ ಹುಟ್ಟುವ ಕ್ಯಾನ್ಸರು ಸಣ್ಣದಿರುವಾಗಲೇ ದನಿಯನ್ನು ಕೆಡಿಸಿ ತನ್ನ ಸುಳಿವನ್ನು ಕೊಡುತ್ತದೆ. ಆಗಲೇ ಹಿಡಿದರೆ ಬಹುಪಾಲು ರೋಗಿಗಳು ದನಿಯನ್ನು ಉಳಿಸಿಕೊಂಡೇ ಗುಣಹೊಂದುತ್ತಾರೆ. ತಡಮಾಡಿದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬರಬಹುದು. ಆಗಲೂ ದಾರಿ ಮುಚ್ಚುವುದಿಲ್ಲ. ಅನ್ನನಾಳದಿಂದ ದನಿ ಹೊರಡಿಸುವ ಅಭ್ಯಾಸವುಂಟು, ಅದಕ್ಕೆ ನೆರವಾಗುವ ಸಾಧನಗಳುಂಟು. ವಿದೇಶದ ಸಾಧನಕ್ಕೆ ಅನೇಕ ಸಾವಿರ ರೂಪಾಯಿ ಬೀಳುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ್ ರಾವ್ ಅವರು ‘ಓಂ’ ಎಂಬ ಸಾಧನವನ್ನು ರೂಪಿಸಿ ಅದರ ಬೆಲೆಯನ್ನು ೫೦ ರೂಪಾಯಿಗೆ ಇಟ್ಟರು. ಆದುದರಿಂದ ನೆನಪಿಡತಕ್ಕ ಮಾತು ಇದು: ದನಿ ಒಡೆದು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ಗಂಟಲನ್ನು ತೋರಿಸಲೇಬೇಕು. ಕಷಾಯ, ಜೇನು, ಜ್ಯೇಷ್ಠಮಧುಗಳಿಗೆ ಅಷ್ಟು ಅವಧಿ ಸಾಕು.

ಮಾತಿನ ತೊಂದರೆಗಳಲ್ಲಿಯೂ ಹೊತ್ತು ಮುಖ್ಯ. ಮಾತು ಬಾರದ ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚುವ ವಾಡಿಕೆ ನಮ್ಮಲ್ಲುಂಟು. ಆದರೆ ಮೊದಲು ನೋಡಬೇಕಾದದ್ದು ನಾಲಿಗೆಯನ್ನಲ್ಲ, ಕಿವಿಯನ್ನು. ಕೇಳದ ಮಗು ಮಾತನ್ನು ಕಲಿಯುವುದು ಎಲ್ಲಿಂದ? ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಇಂದು ಒಪ್ಪಿತವಾದ ನಿಯಮ. ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಕೂಡಿಸಿ ಆಡದ ಮಗುವನ್ನು ‘ನಮ್ಮ ಮನೆತನದಲ್ಲಿ ಮಾತು ತಡ’ ಎಂದು ಕಾಯುತ್ತ ಕೂರಬಾರದು. ಸೀಳಿದ ಅಂಗುಳದಿಂದ ಮಾತು ಮೂಗಿನಲ್ಲಿ ಹೊರಡುವ ಮಗುವಿಗೆ ಒಂದು ವರ್ಷದ ಆಸುಪಾಸಿನಲ್ಲಿ ಶಸ್ತ್ರಕ್ರಿಯೆ, ಬಳಿಕ ಮಾತಿನ ಅಭ್ಯಾಸ, ಇವೆರಡೂ ಬೇಕು.

ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ತಲೆದೋರುತ್ತದೆ. ನೂರರಲ್ಲಿ ಸುಮಾರು ಐದು ಮಕ್ಕಳಿಗೆ ಯಾವಾಗಲಾದರೊಮ್ಮೆ ಬರುತ್ತದೆ. ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ನೂರಕ್ಕೆ ಒಬ್ಬರಂತೆ ಉಳಿಯುತ್ತದೆ. ಅದು ಬುದ್ಧಿಮಾಂದ್ಯವಲ್ಲ, ಹಟವಲ್ಲ, ಹೆತ್ತವರ ತಪ್ಪೂ ಅಲ್ಲ. ‘ನಿಧಾನವಾಗಿ ಹೇಳು’ ಎಂದು ಗದರುವುದರಿಂದಲೂ, ಮಗುವಿನ ವಾಕ್ಯವನ್ನು ನಾವೇ ಮುಗಿಸುವುದರಿಂದಲೂ ಪ್ರಯೋಜನವಿಲ್ಲ. ನಾವು ನಿಧಾನವಾಗಿ ಮಾತನಾಡಿ, ಮಗು ಹೇಳುವುದನ್ನು ಕೊನೆಯವರೆಗೆ ಕೇಳುವುದೇ ಮನೆಯವರು ಮಾಡಬಹುದಾದ ಉಪಕಾರ. ಕೆಲವು ತಿಂಗಳಲ್ಲಿ ಕಡಮೆಯಾಗದಿದ್ದರೆ ಮಾತಿನ ಚಿಕಿತ್ಸಕರನ್ನು ಕಾಣಬೇಕು.

ಲಕ್ವದಿಂದ ಬಾಯಿ ಬಿದ್ದುಹೋದವರ ವಿಷಯ ಬೇರೆ. ಅಲ್ಲಿ ಕೆಟ್ಟಿರುವುದು ಮೆದುಳು. ಹೆಚ್ಚಿನವರಲ್ಲಿ ಮಾತಿನ ನೆಲೆ ಮೆದುಳಿನ ಎಡಭಾಗದಲ್ಲಿದೆ ಎಂಬ ಶೋಧನೆಗೆ ೧೮೬೧ರಲ್ಲಿ ಫ್ರಾನ್ಸಿನ ಬ್ರೋಕಾ ಪರೀಕ್ಷಿಸಿದ ರೋಗಿಯೇ ಆಧಾರವಾದನು. ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಮುಖ ಸೊಟ್ಟಾದರೆ, ಕೈ ಸೋತರೆ ಒಂದು ಗಳಿಗೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯ ಗಡುವು. ಆಮೇಲೆಯೂ ಅಭ್ಯಾಸದಿಂದ ಮಾತು ಮರಳುವುದುಂಟು. ಇಂಥ ರೋಗಿಗಳಲ್ಲಿ ಕೆಲವರು ತಮ್ಮ ಹೆಸರನ್ನು ಹೇಳಲಾರದಿದ್ದರೂ ಬಾಲ್ಯದಲ್ಲಿ ಕಲಿತ ಭಜನೆಯ ಪದವನ್ನು ರಾಗವಾಗಿ ಹಾಡಬಲ್ಲರು. ಈ ಸಂಗತಿಯ ಆಧಾರದ ಮೇಲೆಯೇ ಅಮೆರಿಕೆಯ ಬಾಸ್ಟನ್ನಿನಲ್ಲಿ ೧೯೭೩ರಲ್ಲಿ ರಾಗದ ಮೂಲಕ ಮಾತನ್ನು ಮರಳಿ ಕಲಿಸುವ ಕ್ರಮವೊಂದು ಹುಟ್ಟಿತು.

ಇವುಗಳಿಗೆಲ್ಲ ದೂರ ಹೋಗಬೇಕಾದುದಿಲ್ಲ. ೧೯೫೭ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಹುಬ್ಬಳ್ಳಿಯಲ್ಲಿದೆ. ವಾಕ್ ಮತ್ತು ಶ್ರವಣ ಶಾಸ್ತ್ರವನ್ನು ಕಲಿಸುವ ಜೆ.ಎಸ್.ಎಸ್. ಸಂಸ್ಥೆ ಧಾರವಾಡದಲ್ಲಿದೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಸಂಸ್ಥೆಯುಂಟು. ಕೊರತೆ ಇರುವುದು ನಮ್ಮ ಗಮನದಲ್ಲಿ. ಕಣ್ಣು ಮಂಜಾದರೆ ಕನ್ನಡಕ ಕೇಳುವ ನಾವು, ಮಗು ಉಗ್ಗಿದರೆ ನಗುತ್ತೇವೆ. ಹಿರಿಯರ ದನಿ ತಿಂಗಳುಗಟ್ಟಲೆ ಒಡೆದಿದ್ದರೆ ವಯಸ್ಸಾಯಿತು ಎನ್ನುತ್ತೇವೆ. ನಮ್ಮ ಮನೆಯವರ ದನಿಯನ್ನು ದಿನವೂ ಕೇಳುವವರು ನಾವು. ಅದರಲ್ಲಿ ಬದಲಾವಣೆಯಾದುದನ್ನು ಯಾವ ಯಂತ್ರಕ್ಕಿಂತಲೂ ಮೊದಲು ಗುರುತಿಸಬಲ್ಲವರೂ ನಾವೇ. ಗುರುತಿಸಿದ ದಿನವೇ ವೈದ್ಯರ ಬಳಿಗೆ ಕರೆದುಕೊಂಡು ಹೋಗುವಷ್ಟು ಎಚ್ಚರ ನಮಗಿದ್ದರೆ, ಅನೇಕರ ದನಿಯೂ ಕೆಲವರ ಪ್ರಾಣವೂ ಉಳಿಯುವುದರಲ್ಲಿ ಸಂದೇಹವಿಲ್ಲ.